ನೀಲಿ ಗೆರೆಯ ದಪ್ಪ

ಯಳಂದೂರಿನಲ್ಲಿ ಅವರು ತೀರಿಕೊಂಡರೆಂದು ನನಗೆ ತಿಳಿಸಿದವರು ನಮ್ಮ ಹಳೆಯ ಓವರ್‌ಸಿಯರ್. ಫೋನಿನಲ್ಲಿ ಅವರ ದನಿ ಒಡೆದಿತ್ತು. ನನ್ನದು ಒಡೆಯಲಿಲ್ಲ. ಸುದ್ದಿ ಕೇಳಿ ಫೋನಿಟ್ಟ ಮೇಲೆ ನನ್ನ ಮನಸ್ಸಿನಲ್ಲಿ ಮೊದಲು ಸುಳಿದದ್ದು ದುಃಖವೂ ಅಲ್ಲ. ಇನ್ನು ನನ್ನ ಕೆಲಸವನ್ನು ಅವರ ಕೆಲಸದ ಪಕ್ಕದಲ್ಲಿಟ್ಟು ನೋಡುವವರು ಯಾರೂ ಇಲ್ಲ ಎಂಬ ಒಂದು ಹಗುರ. ಹದಿನೈದು ವರ್ಷ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದವರ ಸಾವಿಗೆ ಮನುಷ್ಯ ಹೀಗೆ ಹಗುರವಾಗಬಾರದು. ಆದರೂ ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಕಚೇರಿ ಇದ್ದದ್ದು ಕೊಳ್ಳೇಗಾಲದಲ್ಲಿ, ರೇಷ್ಮೆ ನೂಲಿನ ಅಂಗಡಿಯೊಂದರ ಮಹಡಿಯ ಮೇಲೆ. ನಮ್ಮ ಓವರ್‌ಸಿಯರ್ ನಿವೃತ್ತರಾದ ಮೇಲೆ ಸ್ವಂತವಾಗಿ ತೆರೆದಿದ್ದ ನಕ್ಷೆಯ ಕಚೇರಿ ಅದು. ರಸ್ತೆ, ಕೆರೆ, ನೀರಿನ ಪೈಪು, ಊರಿನ ಗಡಿ, ಯಾವ ನಕ್ಷೆ ಬೇಕೆಂದರೂ ಬರೆದುಕೊಡುತ್ತಿದ್ದೆವು. ನಾನು ಐಟಿಐ ಮುಗಿಸಿ ಎಂಬತ್ತರ ದಶಕದ ನಡುವಿನಲ್ಲಿ ಅಲ್ಲಿ ಸೇರಿದೆ. ನನ್ನ ಕೈ ಚೆನ್ನಾಗಿತ್ತು. ಟ್ರೇಸಿಂಗ್ ಕಾಗದದ ಮೇಲೆ ಇಂಕಿನ ಪೆನ್ನಿನಿಂದ ಕೂದಲೆಳೆಯಂಥ ಗೆರೆಯನ್ನು ಒಂದೇ ಉಸಿರಿನಲ್ಲಿ ಮೊಳದುದ್ದ ಎಳೆಯುತ್ತಿದ್ದೆ. ಕೆಲಸ ಒಪ್ಪಿಸಿದವರು ಬಂದು ನೋಡಿ, ‘ಇದು ಅಚ್ಚು ಹಾಕಿಸಿದ್ದಾ?’ ಎಂದು ಕೇಳಿದರೆ ಆ ದಿನ ನನಗೆ ಊಟ ಬೇಡವಾಗುತ್ತಿತ್ತು.

ಈಗ ತೀರಿಕೊಂಡ ಆ ಹೆಂಗಸು ಕಚೇರಿಗೆ ಬಂದದ್ದು ನಾನು ಸೇರಿದ ಎರಡು ಮೂರು ವರ್ಷದ ಮೇಲೆ. ಎಸ್ಸೆಸ್ಸೆಲ್ಸಿ ಮಾತ್ರ ಓದಿದ್ದರು. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವರಾದರೂ ನನ್ನನ್ನು ‘ಅಣ್ಣ’ ಎನ್ನುತ್ತಿದ್ದರು. ದಿನಾ ಯಳಂದೂರಿನಿಂದ ಬಸ್ಸಿನಲ್ಲಿ ಬಂದು, ಕೈಚೀಲವನ್ನು ಕಿಟಕಿಯ ಸರಳಿಗೆ ನೇತುಹಾಕಿ, ಅದರೊಳಗಿನ ಹುರಿಗಡಲೆಯನ್ನು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತ ಟ್ರೇಸಿಂಗಿಗೆ ಕೂರುತ್ತಿದ್ದರು. ಯಾರಿಗೂ ಒಂದು ಕಾಳು ಕೊಡುತ್ತಿರಲಿಲ್ಲ. ಅವರ ಸ್ಕೇಲನ್ನು ಕೇಳಿದರೆ, ‘ನಿಮ್ದು ಎಲ್ಲೋಯ್ತು?’ ಎನ್ನುತ್ತಿದ್ದರು. ಕೈ ಸಾಧಾರಣ. ತಿರುವುಗಳಲ್ಲಿ ಇಂಕು ನಿಲ್ಲುತ್ತಿತ್ತು. ಅದನ್ನು ಬ್ಲೇಡಿನಿಂದ ಕೆರೆದು ಕೆರೆದು ಕಾಗದವನ್ನೇ ತೂತು ಮಾಡುತ್ತಿದ್ದರು. ಆಗ ನಾನೇ ಎದ್ದು ಹೋಗಿ ಸರಿ ಮಾಡಿಕೊಡುತ್ತಿದ್ದೆ. ಆ ವರ್ಷಗಳಲ್ಲಿ ನನಗೆ ಅವರ ಮೇಲೆ ನಿಜವಾದ ವಿಶ್ವಾಸವಿತ್ತು. ನಮಗಿಂತ ಕಡಿಮೆಯವರ ಮೇಲೆ ವಿಶ್ವಾಸ ಇಡುವುದು ಏನೂ ಕಷ್ಟವಲ್ಲ.

ಆದರೆ ಆಗಲೇ ಒಂದು ಸಲ ಅವರು ನನ್ನನ್ನು ಚುಚ್ಚಿದ್ದರು. ಹನೂರಿನ ಕಡೆಯ ಒಂದು ನಕ್ಷೆ. ಹದಿನೆಂಟು ದಿನ ಕೂತು ಬರೆದಿದ್ದೆ. ಅವರು ಅದನ್ನು ಎತ್ತಿಕೊಂಡು ಬಾಗಿಲವರೆಗೆ ಹಿಂದೆ ಹಿಂದೆ ಹೋಗಿ, ಕೈ ಚಾಚಿ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನೋಡಿದರು.

‘ಚೆಂದಾಗದೆ ಅಣ್ಣ. ಆದ್ರೆ ಇಲ್ಲಿಂದ ನೋಡುದ್ರೆ ಯಾವ್ದು ದಾರಿ, ಯಾವ್ದು ಹಳ್ಳ ಗೊತ್ತಾಗದಿಲ್ಲ. ಎಲ್ಲಾ ಒಂದೇ ದಪ್ಪ.’

‘ನಕ್ಷೆನ ಬಾಗ್ಲತ್ರ ನಿಂತು ನೋಡ್ತಾರೇನಮ್ಮ?’ ಎಂದೆ.

‘ನಿಮ್ಮಂಗೆ ಬಗ್ಗಿ ನೋಡೋರು ಎಷ್ಟ್ ಜನ?’ ಎಂದು ನಕ್ಷೆಯನ್ನು ಮೇಜಿನ ಮೇಲಿಟ್ಟು ತಮ್ಮ ಜಾಗಕ್ಕೆ ಹೋದರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಓವರ್‌ಸಿಯರ್ ಒಂದು ಕಂಪ್ಯೂಟರ್ ತಂದರು. ಜೊತೆಗೆ ನಕ್ಷೆ ಬರೆಯುವ ಸಾಫ್ಟ್‌ವೇರ್, ಒಂದು ಪ್ರಿಂಟರ್. ಮೊದಲು ನನ್ನನ್ನೇ ಕರೆದರು. ‘ಕಲ್ತ್ಕೊ ಕಣ್ಲಾ, ಇನ್ಮ್ಯಾಕೆ ಎಲ್ಲಾ ಇದ್ರಲ್ಲೇಯ’ ಎಂದರು. ನಾನು ನಕ್ಕು, ‘ಕೈ ಇರೋವರ್ಗೂ ನಂಗದು ಬ್ಯಾಡ ಸಾ’ ಎಂದೆ. ಬೇರೆ ಯಾರೂ ಇರಲಿಲ್ಲವಾದ್ದರಿಂದ ಕಂಪ್ಯೂಟರಿನ ಕುರ್ಚಿ ಎಸ್ಸೆಸ್ಸೆಲ್ಸಿ ಮಾತ್ರ ಓದಿದ್ದ ಅವರಿಗೆ ಹೋಯಿತು.

ಅವರ ಮೊದಲ ಪ್ರಿಂಟು ನನಗೆ ಇನ್ನೂ ನೆನಪಿದೆ. ಪರದೆಯ ಮೇಲೆ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಕಾಗದಕ್ಕೆ ಬಂದಾಗ ಊರಿನ ಗಡಿ, ಕಾಲುದಾರಿ, ಹಳ್ಳ ಎಲ್ಲವೂ ಒಂದೇ ದಪ್ಪದ ಗೆರೆಗಳಾಗಿ, ತಟ್ಟೆಗೆ ಸುರಿದ ಶಾವಿಗೆಯ ಹಾಗಿದ್ದವು. ಎರಡನೆಯ ಪ್ರಿಂಟಿನಲ್ಲಿ ಗೆರೆಗಳು ಎಷ್ಟು ತೆಳ್ಳಗೆ ಬಂದವೆಂದರೆ ಹಾಳೆ ಖಾಲಿ ಇದೆಯೆಂದೇ ಓವರ್‌ಸಿಯರ್ ತಿಳಿದರು. ನಾನು ಒಂದು ತಿಂಗಳು ಅದನ್ನೇ ಹೇಳಿಕೊಂಡು ನಕ್ಕೆ. ಕೆಳಗಿನ ನೂಲಿನ ಅಂಗಡಿಯವರಿಗೂ ಹೇಳಿ ನಗಿಸಿದೆ. ಆ ಪ್ರಿಂಟು ತೆಗೆದ ಅವರು ಮಾತ್ರ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಇಂಗ್ಲಿಷಿನ ದಪ್ಪ ಕೈಪಿಡಿಯನ್ನು ಒಂದು ತೊಡೆಯ ಮೇಲೆ, ನಿಘಂಟನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲೂ ಓದುತ್ತಿದ್ದರಂತೆ.

ಆಮೇಲೆ ಒಂದು ದಿನ ಅವರೊಂದು ಹಾಳೆ ತಯಾರಿಸಿದರು. ಒಂದೇ ಗೆರೆ, ಹನ್ನೆರಡು ದಪ್ಪದಲ್ಲಿ, ಒಂದರ ಕೆಳಗೆ ಒಂದು. ಅದನ್ನು ಪ್ರಿಂಟ್ ಮಾಡಿ ಬಸ್ ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಗೆ ಒಯ್ದರು. ಜೆರಾಕ್ಸ್ ಮಾಡಿಸಿದರು. ಆ ಪ್ರತಿಯನ್ನೇ ಕೊಟ್ಟು ಮತ್ತೆ ಮಾಡಿಸಿದರು. ಅದನ್ನು ಕೊಟ್ಟು ಮೂರನೆಯ ಸಲ. ಕೊನೆಯ ಪ್ರತಿಯಲ್ಲಿ ಮೇಲಿನ ನಾಲ್ಕು ತೆಳು ಗೆರೆ ಮಾಯವಾಗಿದ್ದವು. ಹೆಬ್ಬೆರಳಿನಿಂದ ಆ ಖಾಲಿ ಜಾಗವನ್ನು ಸವರಿ, ‘ಇವು ನಾಕು ಬ್ಯಾಡ’ ಎಂದರು.

ಏಕೆ ಹಾಗೆ ಮಾಡಿದಿರಿ ಎಂದು ಓವರ್‌ಸಿಯರ್ ಕೇಳಿದರು.

‘ಊರೋರ್ ಕೈಗೆ ನಮ್ಮ ನಕ್ಷೆ ಓಗದಿಲ್ಲ ಸಾ. ಜೆರಾಕ್ಸಿನ ಜೆರಾಕ್ಸು ಓಯ್ತದೆ. ಒಲದಲ್ಲಿ ನಿಂತ್ಕಂಡು ಅದ್ನ ನೋಡೋನ್ಗೆ ಗೆರೆ ಕಾಣ್ಬೇಕು.’

ಓವರ್‌ಸಿಯರ್ ಆ ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ‘ಇಷ್ಟು ವರ್ಷದಲ್ಲಿ ನಮ್ಗ್ಯಾರ್ಗೂ ಒಳೀಲಿಲ್ವಲ್ಲೋ’ ಎಂದರು. ಆ ‘ನಮ್ಗ್ಯಾರ್ಗೂ’ ಅಂದದ್ದು ನನಗೆ. ಅಂದು ಹುಟ್ಟಿದ್ದು ಹೊಟ್ಟೆಕಿಚ್ಚೆಂದು ಆಗ ನನಗೆ ತಿಳಿಯಲಿಲ್ಲ. ಎದೆಯುರಿ ಎಂದುಕೊಂಡು ಸೋಡ ಕುಡಿದೆ.

ಮುಂದಿನ ಮೂರು ವರ್ಷ ಅದು ಬೆಳೆಯಿತು. ಕೆಲಸ ಒಪ್ಪಿಸಿದವರು ಮೆಟ್ಟಿಲು ಹತ್ತಿ ಬಂದು ನನ್ನ ಮೇಜನ್ನು ದಾಟಿ ನೇರ ಅವರ ಹತ್ತಿರ ಹೋಗುತ್ತಿದ್ದರು. ಗಡಿಗೆ ಒಂದು ದಪ್ಪ, ದಾರಿಗೆ ಒಂದು, ಹಳ್ಳಕ್ಕೆ ಒಂದು. ಬಾಗಿಲಲ್ಲಿ ನಿಂತು ನೋಡಿದರೂ ಊರು ಕಣ್ಣಿಗೆ ಕಟ್ಟುತ್ತಿತ್ತು. ನನ್ನ ಪೆನ್ನುಗಳು ಒಣಗಿದವು. ನಾನು ಅವರ ಪ್ರಿಂಟುಗಳನ್ನು ಯಾರೂ ಇಲ್ಲದಾಗ ಎತ್ತಿಕೊಂಡು ತಪ್ಪು ಹುಡುಕುತ್ತಿದ್ದೆ. ಸಿಕ್ಕರೆ ಹೇಳುತ್ತಿರಲಿಲ್ಲ. ಇನ್ನೊಬ್ಬರ ಕಣ್ಣಿಗೆ ಬೀಳಲಿ ಎಂದು ಕಾಯುತ್ತಿದ್ದೆ. ಅವರ ಬಸ್ಸು ತಡವಾದ ದಿನ ಗಡಿಯಾರ ನೋಡಿ ಗಟ್ಟಿಯಾಗಿ ನಿಟ್ಟುಸಿರು ಬಿಡುತ್ತಿದ್ದೆ. ಎಲ್ಲರೂ ಕರೆಯುವ ಹಾಗೆ ನಾನೂ ಅವರನ್ನು ‘ಮೇಡಂ’ ಎನ್ನಲು ಶುರುಮಾಡಿದೆ, ಆದರೆ ಅದರಲ್ಲಿ ಒಂದು ಮುಳ್ಳು ಇಟ್ಟು. ಅವರು ಮಾತ್ರ ‘ಅಣ್ಣ’ ಎನ್ನುವುದನ್ನು ಬಿಡಲಿಲ್ಲ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು.

ಕೌದಳ್ಳಿಯಿಂದ ಒಳಗೆ ಒಂದು ಸಣ್ಣ ಊರಿನ ಪಕ್ಕ ಹೊಸ ಕೆರೆ ಕಟ್ಟುವ ಯೋಜನೆಯಿತ್ತು. ನೀರು ತುಂಬಿದರೆ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ನೀಲಿ ಗೆರೆಯಲ್ಲಿ ತೋರಿಸುವ ನಕ್ಷೆ ನಮ್ಮ ಪಾಲಿಗೆ ಬಂತು. ಅದರಲ್ಲಿ ಕಾಗದದ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಹತ್ತು ಮೀಟರ್. ದೊಡ್ಡ ಹಾಳೆ ನಮ್ಮ ಪ್ರಿಂಟರಿಗೆ ಹಿಡಿಯುತ್ತಿರಲಿಲ್ಲ. ಫೈಲನ್ನು ಸಿ.ಡಿ.ಗೆ ಹಾಕಿ ಮೈಸೂರಿಗೆ ಕಳಿಸಿ ಅಲ್ಲಿ ಅಚ್ಚು ಹಾಕಿಸಬೇಕಿತ್ತು. ಎಲ್ಲ ಮುಗಿದು ಒಂದು ಊರಿನ ಹೆಸರಿನ ಕಾಗುಣಿತ ಮಾತ್ರ ಗೊತ್ತಾಗಬೇಕಿದ್ದಾಗ, ಅವರು ಚಿಕ್ಕಪ್ಪನ ಮಗಳ ಮದುವೆಗೆಂದು ಮೂರು ದಿನ ರಜೆ ಹಾಕಿದರು. ಹೋಗುವ ಮುಂಚೆ ನನ್ನನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿ, ಮಾಡಬೇಕಾದ್ದನ್ನು ತೋರಿಸಿ, ಐದು ಹಂತಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು.

‘ನಾಕನೇದ ಮಾತ್ರ ಮರೀಬ್ಯಾಡಿ ಅಣ್ಣ. ನೀಲಿ ಗೆರೆ ಎಂಟು ಚುಕ್ಕೆ ದಪ್ಪ ಅದೆ. ಕಾಗದದ ಪ್ರಿಂಟ್ಗೆ ಅದು ಸರಿ. ಅಲ್ಲಿ ಒಂದಂಗುಲಕ್ಕೆ ಮುನ್ನೂರು ಚುಕ್ಕೆ. ಫೈಲಾಗಿ ತೆಗಿಯೋವಾಗ ಎಪ್ಪತ್ತೈದೇಯ. ಎಂಟ ಅಂಗೇ ಬುಟ್ರೆ ನಾಕ್ ಪಟ್ಟು ದಪ್ಪಾಯ್ತದೆ. ಎಂಟ ತೆಗ್ದು ಎರಡು ಮಾಡ್ಬುಡಿ, ಆಮೇಲೆ ತೆಗೀರಿ.’

‘ಆಯ್ತು ಮೇಡಂ’ ಎಂದೆ.

ಮಾರನೆಯ ದಿನ ಹೆಸರು ಬಂತು. ಚೀಟಿಯನ್ನು ಎದುರಿಗಿಟ್ಟುಕೊಂಡು ಮೊದಲ ಮೂರು ಹಂತ ಮಾಡಿದೆ. ನಾಲ್ಕನೆಯದನ್ನು ಓದಿದೆ. ಅದನ್ನು ಬಿಟ್ಟು ಐದನೆಯದನ್ನು ಮಾಡಿದೆ. ಮರೆತೆ ಎಂದು ಆಮೇಲೆ ಹೇಳಿದೆ. ಮರೆತಿರಲಿಲ್ಲ. ಯಾರ ಮನೆಗೂ ಕೇಡಾಗಲಿ ಎಂದಲ್ಲ. ಅವರ ನಕ್ಷೆ ಒಂದೇ ಒಂದು ಸಲ ಎಲ್ಲರೆದುರು ಒಡ್ಡೊಡ್ಡಾಗಿ ಕಾಣಲಿ ಎಂದು. ಅಷ್ಟೇ ಆಸೆ ನನ್ನದು.

ಅವರು ಮದುವೆಯಿಂದ ಬರುವಷ್ಟರಲ್ಲಿ ನಕ್ಷೆ ಅಚ್ಚಾಗಿ ಹೋಗಿತ್ತು. ಹತ್ತು ದಿನ ಕಳೆದ ಮೇಲೆ ಒಬ್ಬ ರೈತ ಮಹಡಿ ಹತ್ತಿ ಬಂದ. ಹೆಗಲ ಮೇಲಿನ ಟವಲಿನ ಗಂಟಿನಿಂದ ಮಡಿಸಿದ ಜೆರಾಕ್ಸ್ ತೆಗೆದು ಓವರ್‌ಸಿಯರ್ ಮುಂದೆ ಹರಡಿದ.

‘ಈ ಗೆರೆ ಒಳೀಕೆ ನಮ್ಮ ಮೂರು ಮನೆ ಬಂದವೆ ಸಾ. ಯಾವಾಗ ಖಾಲಿ ಮಾಡ್ಬೇಕು ಅಂತ ಯಾರೂ ಏಳ್ನಿಲ್ಲ. ಕೇಳ್ಕಂಡೋಗವ ಅಂತ ಬಂದೆ.’

‘ಯಾರಪ್ಪ ಖಾಲಿ ಮಾಡಿ ಅಂದೋರು?’

‘ಯಾರೂ ಅನ್ನಿಲ್ಲ. ಪಂಚಾಯ್ತಿ ಗೋಡೆ ಮ್ಯಾಲೆ ಅಂಟಿಸವ್ರೆ, ನೋಡ್ದೊ. ನೀರ್ ಬಂದ್ಮೇಲೆ ಏನ್ ಸಿಕ್ಕದು? ಎಂಚಾರ ಉಳೀಲಿ ಅಂತ ಇಳಿಸ್ಬುಟ್ಟೆ.’

‘ಹೆಂಚು ಇಳಿಸ್ಬಿಟ್ರಾ?’ ಎಂದು ಕೇಳಿದವರು ಅವರು, ಕಂಪ್ಯೂಟರಿನ ಕುರ್ಚಿಯಿಂದ ಎದ್ದು ಬಂದು.

‘ನಾಕು ದಿನಾಯ್ತು ಕಣವ್ವ. ಎಂಡ್ರು ಮಕ್ಕ ಬಾಮೈದನ ಕೊಟ್ಟಿಗೇಲವ್ರೆ.’

ಅವರು ಆ ಜೆರಾಕ್ಸನ್ನು ಎತ್ತಿಕೊಂಡು ಬಾಗಿಲವರೆಗೆ ಹೋಗಲಿಲ್ಲ. ನಿಂತಲ್ಲೇ ಹೆಬ್ಬೆರಳನ್ನು, ಜೆರಾಕ್ಸಿನಲ್ಲಿ ಕಪ್ಪಾಗಿದ್ದ ನೀಲಿ ಗೆರೆಯ ಮೇಲಿಟ್ಟರು. ಆ ಗೆರೆ ಹತ್ತಿರ ಹತ್ತಿರ ಮೂರು ಮಿಲಿಮೀಟರ್ ಇತ್ತು. ನೆಲದ ಮೇಲೆ ಇಪ್ಪತ್ತೇಳು ಮೀಟರ್ ಅಗಲ. ಏಳು ಮೀಟರ್ ಇರಬೇಕಾದ್ದು. ಮೂರು ಮನೆಗಳ ಸಣ್ಣ ಚೌಕಗಳು ಅದರೊಳಗೆ ಮುಳುಗಿಹೋಗಿದ್ದವು.

ನನ್ನ ಕಡೆ ತಿರುಗಿದರು. ‘ನಾಕನೇದು ಬಿಟ್ಟೋಗದೆ’ ಎಂದರು.

‘ಮರ್ತೋಯ್ತು’ ಎಂದೆ.

ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ‘ಮರ್ತೋಯ್ತದೆ’ ಎಂದರು. ಆಮೇಲೆ ಓವರ್‌ಸಿಯರ್‌ಗೆ, ‘ನನ್ ತಪ್ಪು ಸಾ. ಮಾಡಿ ಮುಗಿಸ್ದೆ ರಜಾ ಓಗ್ಬುಟ್ಟೆ’ ಎಂದರು.

ರೈತ ಕೆಳಗಿಳಿದು ಟೀ ಕುಡಿಯಲು ಹೋದಾಗ ನಾನು ಅವರ ಹತ್ತಿರ ಹೋಗಿ, ‘ನಿಮ್ ತಪ್ಪು ಅಂತ ಯಾಕೆ ಹೇಳಿದ್ರಿ?’ ಎಂದೆ. ಅದರಲ್ಲೂ ಕೃತಜ್ಞತೆ ಇರಲಿಲ್ಲ. ಇವರಿಗೆ ಇದರಲ್ಲೂ ಒಳ್ಳೆಯ ಹೆಸರೇ ಬರುತ್ತದೆ ಎಂಬ ಸಂಕಟವಿತ್ತು.

‘ಯಾರ್ ತಪ್ಪು ಅಂತ ಉಡುಕ್ತಾ ಕೂತ್ರೆ ಒಂದು ವಾರ ಬೇಕು. ಆ ಮನೆಗೆ ಸೂರಿಲ್ಲ. ನಾಳೆ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬನ್ನಿ, ಟೇಪು ಗೂಟ ತಕಂಡು’ ಎಂದರು. ಒಳ್ಳೆಯತನದಿಂದ ಹೇಳಿದ ಹಾಗೆ ಇರಲಿಲ್ಲ. ಬೇಸರದಿಂದ ಹೇಳಿದ ಹಾಗಿತ್ತು.

ಮಾರನೆಯ ದಿನ ಹನೂರಿನ ಮೇಲೆ ಕೌದಳ್ಳಿಗೆ ಹೋಗಿ ಇಳಿದು, ಅಲ್ಲಿಂದ ಒಂದು ಗಂಟೆ ನಡೆದೆವು. ನೀರು ನಿಲ್ಲುವ ಅಂಚಿಗೆ ಸರ್ವೆಯವರು ಮೊದಲೇ ನೆಟ್ಟಿದ್ದ ಕಲ್ಲುಗಳನ್ನು ಅವರು ಲಂಟಾನದ ಪೊದೆಗಳ ನಡುವೆ ಹುಡುಕಿ ತೆಗೆದರು. ಕಲ್ಲಿನಿಂದ ಕಲ್ಲಿಗೆ ಹಗ್ಗ ಕಟ್ಟಿಸಿದರು. ನಾನು ಗೂಟ ಹೊಡೆದೆ. ಊರಿನವರೆಲ್ಲ ಸುತ್ತ ಬಂದು ನಿಂತರು. ಆಮೇಲೆ ಅವರು ರೈತನನ್ನು ಕರೆದು, ‘ನಿಮ್ಮ ಬಾಗ್ಲಿಂದ ಈ ಅಗ್ಗದ್ತಕ ನಡ್ಕಂಡ್ ಬನ್ನಿ, ಎಜ್ಜೆ ಎಣಿಸ್ಕಂಡು’ ಎಂದರು.

ಅವನು ನಡೆದ. ಹದಿನೈದು ಹೆಜ್ಜೆ. ಮನೆಯಿದ್ದದ್ದು ದಿಣ್ಣೆಯ ಮೇಲೆ, ಹಗ್ಗವಿದ್ದದ್ದು ಇಳಿಜಾರಿನ ಕೆಳಗೆ.

‘ಇಲ್ಗಂಟ ಮಾತ್ರವೇ ನೀರಾ?’

‘ಇಲ್ಗಂಟವೇ.’

ಅವನು ಹಿಂದಕ್ಕೆ ಹೋಗಿ ಇನ್ನೊಮ್ಮೆ ಎಣಿಸಿಕೊಂಡು ಬಂದ. ಅವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಜಗಲಿಯ ಮೇಲೆ ಕೂತುಬಿಟ್ಟಳು. ಮನೆಯ ಸೂರಿನ ಮರದ ತೀರುಗಳು ಬರಿದಾಗಿ ಆಕಾಶಕ್ಕೆ ಕಾಣುತ್ತಿದ್ದವು. ಒಳಗೆ ಒಲೆಯ ಮೇಲೆ ಬಿಸಿಲು ಬಿದ್ದಿತ್ತು. ಅದನ್ನು ನಾನು ನೋಡಿದೆ. ಆ ಬಿಸಿಲನ್ನು ಅಲ್ಲಿಗೆ ತಂದವನು ನಾನು ಎಂದು ಗೊತ್ತಿದ್ದವರು ಅಲ್ಲಿ ಇಬ್ಬರೇ.

ಹೆಂಚು ಹೊದಿಸಲು ಎಲ್ಲರೂ ನಿಂತೆವು. ಅವರು ಸೆರಗು ಸಿಕ್ಕಿಸಿ ಸಾಲಿನಲ್ಲಿ ನಿಂತು ಹೆಂಚು ದಾಟಿಸಿದರು. ನಾನು ಮೇಲೆ ಹತ್ತಿ ಜೋಡಿಸಿದೆ. ಮಧ್ಯಾಹ್ನ ರೈತನ ಹೆಂಡತಿ ಮುದ್ದೆಯನ್ನು ಮೊದಲು ನನ್ನ ತಟ್ಟೆಗೆ ಇಟ್ಟು, ‘ಉಣ್ಣಿ ಸಾ, ನಿಮ್ಗೆ ಪುಣ್ಯ ಬರ್ಲಿ, ಅಷ್ಟು ದೂರದಿಂದ ಬಂದ್ರಿ’ ಎಂದಳು. ಅವರು ಪಕ್ಕದಲ್ಲೇ ಕೂತಿದ್ದರು. ತಲೆ ಎತ್ತಲಿಲ್ಲ. ಸಾರಿನಲ್ಲಿ ಮುದ್ದೆ ಅದ್ದಿ ನುಂಗುತ್ತಿದ್ದರು. ನಾನು ಮುದ್ದೆಯನ್ನು ಮುರಿದು ಮುರಿದು ತಟ್ಟೆಯ ಅಂಚಿಗೆ ಸರಿಸಿದೆ. ಆದರೂ, ಓದುವವರು ನಂಬಬೇಕು, ವಾಪಸು ಬರುವಾಗ ಊರಿನವರು ಅವರನ್ನು ಸುತ್ತುಗಟ್ಟಿ ದಾರಿಯವರೆಗೆ ಬಿಟ್ಟುಹೋಗಲು ಬಂದದ್ದನ್ನು ಕಂಡು ನನಗೆ ಮತ್ತೆ ಅದೇ ಉರಿ ಹತ್ತಿಕೊಂಡಿತು.

ಸರಿಯಾದ ನಕ್ಷೆಯನ್ನು ಮರುವಾರ ಅಂಟಿಸಲಾಯಿತು. ಆದರೆ ಕೆಲಸ ಕೊಟ್ಟವರು ಓವರ್‌ಸಿಯರ್‌ಗೆ ಸಾಕಷ್ಟು ಮಾತು ಹೇಳಿದ್ದರು. ಓವರ್‌ಸಿಯರ್ ಆ ಸಿಟ್ಟಿನಲ್ಲಿ ಕಂಪ್ಯೂಟರಿನ ಕೆಲಸವನ್ನು, ತಪ್ಪು ತಮ್ಮದೆಂದು ಒಪ್ಪಿದ್ದ ಅವರಿಂದ ತೆಗೆದು ನನಗೆ ಕೊಟ್ಟರು. ನಾನು ಬೇಡ ಎನ್ನಲಿಲ್ಲ. ಕುರ್ಚಿ ಸಿಕ್ಕಿತು, ಕೆಲಸ ಬರಲಿಲ್ಲ. ನಾನು ತೆಗೆದ ಗೆರೆ ಒಂದು ದಿನ ಹಗ್ಗದ ಹಾಗೆ, ಒಂದು ದಿನ ಇಲ್ಲವೇ ಇಲ್ಲ. ಅವರು ಹಳೆಯ ಟ್ರೇಸಿಂಗ್ ಮೇಜಿನಿಂದ ಎದ್ದು ಬಂದು, ಹುರಿಗಡಲೆ ಅಗಿಯುತ್ತ ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದರು.

‘ಪರದೆ ನೋಡಬ್ಯಾಡಿ ಅಣ್ಣ. ಪರದೆ ಸುಳ್ಳು ಏಳ್ತದೆ. ಕಾಗದದ ಮ್ಯಾಲೆ ಎಷ್ಟು ದಪ್ಪ ಬೇಕು, ಅದ್ನ ಮೊದ್ಲು ಮನಸ್ಸಲ್ಲಿ ಇಟ್ಕಳಿ. ಆಮೇಲೆ ಚುಕ್ಕೆ ಎಣಿಸಿ.’

ಒಂದು ವರ್ಷ ಹೀಗೆ ಕಲಿಸಿದರು. ಒಮ್ಮೆಯೂ ‘ಚೆನ್ನಾಗಿದೆ’ ಎನ್ನಲಿಲ್ಲ. ಸರಿ ಬಂದರೆ ಹಾಳೆಯನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದರು, ಅಷ್ಟೆ. ಆ ಮೇಜಿನ ಮೇಲಿಡುವ ಸದ್ದಿಗಾಗಿ ನಾನು ಕಾಯುತ್ತಿದ್ದೆ. ಹಾಗೆ ಕಾಯುವುದಕ್ಕಾಗಿ ಅವರನ್ನು ಇನ್ನಷ್ಟು ದ್ವೇಷಿಸುತ್ತಿದ್ದೆ.

ಆಮೇಲೆ ಓವರ್‌ಸಿಯರ್‌ಗೆ ವಯಸ್ಸಾಗಿ ಕಚೇರಿ ಮುಚ್ಚುವ ಮಾತು ಬಂತು. ಮೈಸೂರಿನ ಒಂದು ದೊಡ್ಡ ನಕ್ಷೆ ಕಂಪನಿ ಜನ ತೆಗೆದುಕೊಳ್ಳುತ್ತಿತ್ತು. ಐಟಿಐ ಕಡ್ಡಾಯ. ಆದ್ದರಿಂದ ಅವರು ಅರ್ಜಿ ಹಾಕುವ ಹಾಗಿರಲಿಲ್ಲ. ನಾನು ಹೋದೆ. ಒಂದು ನಕ್ಷೆ ಕೊಟ್ಟು, ಕಾಗದಕ್ಕೂ ಫೈಲಿಗೂ ಒಂದೇ ದಪ್ಪದಲ್ಲಿ ತೆಗೆದು ತೋರಿಸಿ ಎಂದರು. ತೋರಿಸಿದೆ. ಆಮೇಲೆ ಅದನ್ನು ಮೂರು ಸಲ ಜೆರಾಕ್ಸ್ ಮಾಡಿ ನೋಡಿ ಎಂದು ನಾನೇ ಹೇಳಿದೆ. ಮಾಡಿಸಿದರು. ಒಂದು ಗೆರೆಯೂ ಅಳಿಸಿರಲಿಲ್ಲ. ಮೇಜಿನ ಆಚೆ ಕೂತಿದ್ದ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

‘ಇದನ್ನೆಲ್ಲ ಯಾರ ಹತ್ತಿರ ಕಲಿತಿರಿ?’

‘ಯಾರ ಹತ್ತಿರವೂ ಇಲ್ಲ. ಕೈಪಿಡಿ ನೋಡಿ ನಾನೇ ಕಲಿತೆ’ ಎಂದೆ.

ಕೆಲಸ ಸಿಕ್ಕಿತು. ಅದಾದ ಕೆಲವು ದಿನಕ್ಕೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಅವರು ಯಳಂದೂರಿನ ಬಸ್ಸಿಗೆ ಕಾಯುತ್ತಿದ್ದರು. ನನ್ನನ್ನು ಕಂಡು ಹತ್ತಿರ ಬಂದರು.

‘ಏನೇನ್ ಕೇಳುದ್ರು ಅಣ್ಣ?’

ಹೇಳಿದೆ. ಜೆರಾಕ್ಸಿನ ಮಾತನ್ನೂ ಹೇಳಿದೆ.

‘ಯಾರ್ ಕಲ್ಸುದ್ರು ಅಂತ ಕೇಳ್ನಿಲ್ವ?’

ಅವರು ಇಂಥದ್ದನ್ನು ಕೇಳುವವರೇ ಅಲ್ಲ. ಕೇಳಿ ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿಕೊಂಡರು.

‘ಕೇಳಿದ್ರು. ನಿಮ್ಮ ಹೆಸರು ಹೇಳಿದೆ’ ಎಂದೆ.

ಅವರು ತಿರುಗಿ ನನ್ನನ್ನು ನೋಡಿದರು. ಗೆರೆಯಲ್ಲಿ ಕೂದಲಷ್ಟು ತಪ್ಪಿದ್ದರೂ ಹಿಡಿಯುವ ಕಣ್ಣು ಅದು. ನನ್ನನ್ನೂ ಹಿಡಿಯುತ್ತದೆ ಎಂದುಕೊಂಡೆ. ಹಿಡಿಯಲಿಲ್ಲ. ಮುಖವೆಲ್ಲ ಕೆಂಪಾಗಿ, ಏನು ಮಾಡಬೇಕೋ ತೋಚದೆ ಕೈಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಹುರಿಗಡಲೆ ತೆಗೆದು ನನ್ನ ಕೈಗೆ ಸುರಿದು ಬಸ್ಸು ಹತ್ತಿದರು.

ಅದೇ ಕೊನೆ. ಮಾರನೆಯ ವರ್ಷ ಅವರಿಗೆ ಕಾಯಿಲೆಯಾದದ್ದು ನನಗೆ ಗೊತ್ತಿತ್ತು. ಮೈಸೂರಿನಿಂದ ಯಳಂದೂರು ದೂರವೇನಲ್ಲ. ಹೋಗಲಿಲ್ಲ.

ಅವರು ತೀರಿಕೊಂಡ ಹನ್ನೊಂದನೆಯ ದಿನ ಓವರ್‌ಸಿಯರ್ ಜೊತೆ ಯಳಂದೂರಿಗೆ ಹೋದೆ. ಸಣ್ಣ ಮನೆ. ನಡುಮನೆಯಲ್ಲಿ ಚಾಪೆ ಹಾಸಿದ್ದರು. ಅವರ ತಂಗಿ ನೀರು ತಂದುಕೊಟ್ಟು, ನಾನು ಯಾರೆಂದು ಓವರ್‌ಸಿಯರ್ ಹೇಳಿದ ಕೂಡಲೆ ನನ್ನ ಎದುರಿಗೇ ಕೂತರು.

‘ನೀವೇನಾ ಸಾ? ಮೈಸೂರಲ್ಲಿ ದೊಡ್ಡೋರ ಮುಂದೆ ನಮ್ಮಕ್ಕನ ಎಸ್ರು ಏಳುದ್ರಂತಲ್ಲ. ಕಾಯ್ಲೆ ಜಾಸ್ತಿ ಆದಾಗ್ಲೂವೆ ನೋಡಕ್ಕೆ ಬಂದೋರ್ಗೆಲ್ಲ ಅದೇ ಮಾತ ಏಳೋಳು. ಅವ್ಳು ಯಾವತ್ತೂ ಅಂಗೆ ತನ್ನ ಇಸ್ಯ ತಾನು ಏಳ್ಕಂಡೋಳಲ್ಲ. ಅಲ್ಲಿ ಏನಂತ ಏಳುದ್ರಿ ಸಾ? ನಮ್ಗೂ ಏಳಿ, ಕೇಳವ.’

ಓವರ್‌ಸಿಯರ್ ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ನೆಂಟರು ಒಳಗೆ ಬಂದರು.

‘ನನಗೆ ಗೊತ್ತಿರೋದೆಲ್ಲ ಅವರು ಕಲಿಸಿದ್ದು, ಅವರಷ್ಟು ಚೆನ್ನಾಗಿ ನನಗೆ ಇವತ್ತಿಗೂ ಬರೋದಿಲ್ಲ, ಅಂತ ಹೇಳಿದೆ’ ಎಂದೆ.

ಅದರಲ್ಲಿ ‘ಅಂತ ಹೇಳಿದೆ’ ಎಂಬ ಕೊನೆಯ ಎರಡು ಪದ ಬಿಟ್ಟರೆ ಉಳಿದದ್ದೆಲ್ಲ ನಿಜ.

ತಂಗಿ ಕಣ್ಣೊರೆಸಿಕೊಂಡು ಅಡುಗೆಮನೆಯ ಕಡೆ ತಿರುಗಿ ತಾಯಿಯನ್ನು ಕೂಗಿದರು. ತೀರ ಮುದುಕಿ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತು ಕಿವಿಯನ್ನು ನನ್ನ ಕಡೆ ಚಾಚಿದರು.

‘ಅವ್ವನ್ಗೆ ಕಿವಿ ಮಂದ ಸಾ’ ಎಂದರು ತಂಗಿ. ‘ಇನ್ನೊಂದ್ ಸಲ, ಒಸಿ ಗಟ್ಟಿಯಾಗಿ ಏಳಿ.’

ಗಟ್ಟಿಯಾಗಿ ಹೇಳಿದೆ.